ಹತ್ತನೇ ತರಗತಿ ಕಟ್ಟಲು ವಯಸ್ಸು ಮೀರುವುದಿಲ್ಲ

ಬಿಸಿಯೂಟದ ಅಡುಗೆ ಮಾಡುವ ಮಹಿಳೆಯೊಬ್ಬರು ಕಳೆದ ತಿಂಗಳು ನಮ್ಮ ಅಧ್ಯಯನ ಕೇಂದ್ರಕ್ಕೆ ಬಂದಿದ್ದರು. ಪಡಿತರ ಚೀಟಿ, ಆಧಾರ್, ಅಂಚು ಹರಿದ ಟಿಸಿ ಮೂರನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟುಕೊಂಡಿದ್ದರು. ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದರು: ‘ಸರ್, ನನಗೀಗ ನಲವತ್ಮೂರು. ಹತ್ತನೇ ತರಗತಿ ಕಟ್ಟಲು ಬಿಡುತ್ತಾರೆಯೇ?’

ಬಿಡುತ್ತಾರೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ, ಅಂದರೆ ಎನ್‌ಐಒಎಸ್‌ನ ಹತ್ತನೇ ತರಗತಿಗೆ ಕನಿಷ್ಠ ವಯಸ್ಸು 14. ಗರಿಷ್ಠ ಮಿತಿ ಎಂಬುದೇ ಇಲ್ಲ. ನನ್ನ ಮೇಜಿನ ಮುಂದೆ ಅತಿ ಹೆಚ್ಚು ಸಲ ಕೇಳಿಬರುವ ಪ್ರಶ್ನೆ ಇದು. ಕೇಳದೆಯೇ ಮನೆಯಲ್ಲಿ ಉಳಿದವರು ಎಷ್ಟು ಜನವೋ ಎಂದು ನೆನೆದಾಗ ಸಂಕಟವಾಗುತ್ತದೆ.

ಕನಿಷ್ಠ ವಯಸ್ಸಿನ ಲೆಕ್ಕದಲ್ಲಿ ಮಾತ್ರ ದಿನಾಂಕ ನೋಡಬೇಕು. ಮೊದಲ ಹಂತದ ದಾಖಲಾತಿಗೆ ಆ ವರ್ಷದ ಜನವರಿ 31ಕ್ಕೆ, ಎರಡನೇ ಹಂತಕ್ಕೆ ಜುಲೈ 31ಕ್ಕೆ 14 ತುಂಬಿರಬೇಕು. ಫೆಬ್ರುವರಿಯಲ್ಲಿ ಹುಟ್ಟಿದ ಮಗುವಿಗೆ ಒಂದು ವರ್ಷವೇ ಹೋಯಿತೆಂದು ಪಾಲಕರು ಕಂಗಾಲಾಗುತ್ತಾರೆ. ಎರಡನೇ ಹಂತದಲ್ಲಿ ಸೇರಿಸಿದರೆ ಸಾಕು. ಆದರೆ ಹನ್ನೆರಡು, ಹದಿಮೂರರ ಮಕ್ಕಳನ್ನು ಶಾಲೆ ಬಿಡಿಸಿ ಕರೆತರುವವರಿಗೆ ನಾನು ಖಂಡಿತವಾಗಿ ಬೇಡ ಎನ್ನುತ್ತೇನೆ. 6ರಿಂದ 14 ವರ್ಷದ ಮಕ್ಕಳಿಗೆ ಶಾಲೆ ಕಾನೂನು ಕೊಟ್ಟ ಹಕ್ಕು, ಅದನ್ನು ಕಸಿಯಬಾರದು.

ಓದಿನ ಅರ್ಹತೆಯೂ ಭಾರವಾದದ್ದಲ್ಲ. ಎಂಟನೇ ತರಗತಿ ಪಾಸಾದ ದಾಖಲೆ ಇದ್ದರೆ ಕೊಡಬಹುದು. ಇಲ್ಲದಿದ್ದರೆ, ಹತ್ತನೇ ತರಗತಿಯ ಪಾಠ ಓದಿಕೊಳ್ಳುವಷ್ಟು ಕಲಿತಿದ್ದೇನೆ ಎಂದು ಸ್ವಯಂ ದೃಢೀಕರಣ ಬರೆದುಕೊಡಬೇಕು.

ನಿಜವಾದ ತೊಡಕು ಬೇರೆ ಕಡೆ ಇದೆ. ಆ ಮಹಿಳೆಯ ಟಿಸಿಯಲ್ಲಿ ಜನ್ಮದಿನ ಜೂನ್ 1 ಎಂದಿತ್ತು, ಆಧಾರ್‌ನಲ್ಲಿ ಜನವರಿ 1. ವರ್ಷವೂ ಎರಡು ಬೇರೆ. ನಮ್ಮ ಹಳ್ಳಿಗಳಲ್ಲಿ ಜೂನ್ 1ಕ್ಕೆ ಹುಟ್ಟಿದವರು ಲೆಕ್ಕವಿಲ್ಲದಷ್ಟು ಜನ: ಮಗುವನ್ನು ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ತಾರೀಕು ಅದು. ಹೀಗೆಯೇ ಅರ್ಜಿ ಹಾಕಿದರೆ ಮುಂದೆ ಕಷ್ಟ, ಏಕೆಂದರೆ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಅಚ್ಚಾದ ಜನ್ಮದಿನವನ್ನೇ ಕೆಲಸಕ್ಕೆ ಸೇರುವಾಗಲೂ ಪಾಸ್‌ಪೋರ್ಟ್ ಮಾಡಿಸುವಾಗಲೂ ಕೇಳುತ್ತಾರೆ. ಅವರನ್ನು ಓದಿದ ಶಾಲೆಗೆ ಕಳುಹಿಸಿ ದಾಖಲಾತಿ ರಿಜಿಸ್ಟರ್ ನೋಡಿ ಬರಲು ಹೇಳಿದೆ. ಯಾವುದು ಸರಿ ಎಂದು ತೀರ್ಮಾನವಾದ ಮೇಲೆ ಆಧಾರ್ ತಿದ್ದಿಸಬೇಕು. ಅಲ್ಲಿ ಜನ್ಮದಿನ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ, ಅವಸರ ಮಾಡಬೇಡಿ.

ವಿಷಯಗಳು ಐದು, ಅವುಗಳಲ್ಲಿ ಒಂದಾದರೂ ಭಾಷೆ ಇರಬೇಕು; ಕನ್ನಡ ಆಯ್ದುಕೊಳ್ಳಬಹುದು. ಗಣಿತ ಕಡ್ಡಾಯವಲ್ಲ. ಭಯಪಟ್ಟವರಿಗೆ ಇದು ವರ, ಆದರೆ ಮುಂದೆ ಡಿಪ್ಲೊಮಾ ಓದುವ ಆಸೆಯಿರುವ ಹುಡುಗರು ಗಣಿತ, ವಿಜ್ಞಾನ ಎರಡನ್ನೂ ಬಿಡಲೇಬಾರದು. ಎಸ್‌ಎಸ್‌ಎಲ್‌ಸಿಯಲ್ಲಿ ನಪಾಸಾದವರು ಅಲ್ಲಿ ಪಾಸಾಗಿರುವ ಎರಡು ವಿಷಯಗಳವರೆಗೆ ಅಂಕಗಳನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು ಎಂಬುದು ಬಹಳ ಜನರಿಗೆ ತಿಳಿದೇ ಇಲ್ಲ. ಒಮ್ಮೆ ಸೇರಿದರೆ ಐದು ವರ್ಷ ಸಮಯವಿದೆ, ಒಂಬತ್ತು ಸಲ ಪರೀಕ್ಷೆ ಬರೆಯಬಹುದು. ಪಾಸಾದ ವಿಷಯವನ್ನು ಮತ್ತೆ ಬರೆಯಬೇಕಿಲ್ಲ.

ಇದನ್ನು ಹೇಳಿದಾಗ ಆಕೆ ಬೆರಳು ಮಡಿಸಿ ಲೆಕ್ಕ ಹಾಕಿದರು. ‘ಏಪ್ರಿಲ್‌ಗೆ ಎರಡು, ಅಕ್ಟೋಬರ್‌ಗೆ ಎರಡು. ಇಂಗ್ಲಿಷ್ ಕೊನೆಗೆ ಇಟ್ಟುಕೊಳ್ಳಲೇ ಸರ್?’ ‘ಇಟ್ಟುಕೊಳ್ಳಿ ಮೇಡಂ’ ಎಂದೆ. ಮೊನ್ನೆ ರಿಜಿಸ್ಟರ್‌ನ ಪ್ರತಿ ತಂದಿದ್ದಾರೆ. ಟಿಸಿಯಲ್ಲಿದ್ದ ವರ್ಷವೇ ಅದರಲ್ಲೂ ಇದೆ.