ಒಂದು ನಿಮಿಷದ ಗಾಳಿಯಿಂದ ಲಾಲ್‌ಬಾಗ್ ಬಂಡೆಯವರೆಗೆ

ಯುರೇನಿಯಂ ತಾನಾಗಿಯೇ ಕಿರಣ ಸೂಸುತ್ತದೆ ಎಂದು ಪ್ಯಾರಿಸ್‌ನ ಹೆನ್ರಿ ಬೆಕೆರೆಲ್ 1896ರಲ್ಲಿ ಕಂಡುಕೊಂಡಿದ್ದರು. ಮೂರು ವರ್ಷದ ನಂತರ ಕೆನಡಾದ ಮಾಂಟ್ರಿಯಲ್‌ನಲ್ಲಿ, ಮೆಕ್‌ಗಿಲ್ ವಿಶ್ವವಿದ್ಯಾಲಯದ ಓವೆನ್ಸ್ ಎಂಬ ಪ್ರಾಧ್ಯಾಪಕರು ಯುರೇನಿಯಂನಂತೆಯೇ ಕಿರಣ ಸೂಸುವ ಥೋರಿಯಂ ಎಂಬ ಧಾತು ಹಿಡಿದು ಕೂತಿದ್ದರು. ಅದು ಸುಮ್ನೆ ಕಾಡಿಸುತ್ತಿತ್ತು. ಕೋಣೆಯಲ್ಲಿ ಸ್ವಲ್ಪ ಗಾಳಿಯಾಡಿದರೂ ಕಿರಣದ ಅಳತೆ ಏರುಪೇರು!

ಅದೇ ವಿಶ್ವವಿದ್ಯಾಲಯದಲ್ಲಿದ್ದ ಅರ್ನೆಸ್ಟ್ ರುದರ್‌ಫೋರ್ಡ್ ಇದರ ಬೆನ್ನು ಹತ್ತಿದರು. ಥೋರಿಯಂನಿಂದ ಅನಿಲದಂಥದ್ದು ಏನೋ ಹೊರಬರುತ್ತಿತ್ತು. ಅದೂ ಕಿರಣ ಸೂಸುತ್ತಿತ್ತು. ಗಾಳಿ ಬೀಸಿದಾಗ ಅದು ಹಾರಿಹೋಗುತ್ತಿತ್ತು, ಅಷ್ಟೇ. ಅದನ್ನು ಬೇರೆ ಹಿಡಿದಿಟ್ಟು ಅಳೆದಾಗ ಸೊಗಸಾದ ಲೆಕ್ಕವೊಂದು ಸಿಕ್ಕಿತು. ಸುಮಾರು ಒಂದು ನಿಮಿಷಕ್ಕೆ ವಿಕಿರಣ ಅರ್ಧಕ್ಕಿಳಿಯಿತು. ಇನ್ನೊಂದು ನಿಮಿಷಕ್ಕೆ ಕಾಲು. ಮತ್ತೊಂದಕ್ಕೆ ಅರೆಕಾಲು. 1900ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅದು ರೇಡಾನ್ ಎಂಬ ಅನಿಲದ ಒಂದು ಬಗೆ ಎಂದು ಈಗ ಗೊತ್ತು.

ಹೀಗೆ ಅರ್ಧಕ್ಕಿಳಿಯಲು ಹಿಡಿಯುವ ಸಮಯವನ್ನು ನಾವು ಅರ್ಧಾಯು ಎನ್ನುತ್ತೇವೆ. ನನಗೇನೋ ಈ ಹೆಸರು ದಾರಿ ತಪ್ಪಿಸುತ್ತದೆ ಅನ್ನಿಸುತ್ತದೆ. ಅರ್ಧ ಆಯಸ್ಸು ಒಂದು ನಿಮಿಷವಾದರೆ ಪೂರ್ತಿ ಆಯಸ್ಸು ಎರಡು ನಿಮಿಷ ಅಲ್ವಾ? ಅಲ್ಲ. ಎರಡು ನಿಮಿಷವಾದರೂ ಕಾಲು ಭಾಗ ಉಳಿದಿರುತ್ತದೆ.

ಯಾಕೆ ಹೀಗೆ? ಒಗ್ಗರಣೆಯ ಸಾಸಿವೆ ನೆನಪಿಸಿಕೊಳ್ಳಿ. ಮುಂದೆ ಯಾವ ಕಾಳು ಸಿಡಿಯುತ್ತದೆ ಎಂದು ಹೇಳಲಾಗದು. ಕಿರಣ ಸೂಸಿ ಒಡೆಯುವ ಪರಮಾಣುಗಳೂ ಹಾಗೇ. ಆದರೆ ಹೋಲಿಕೆ ಅಲ್ಲಿಗೆ ಮುಗಿಯಿತು. ಸಾಸಿವೆ ಕಾದಷ್ಟೂ ಸಿಡಿಯಲು ಹತ್ತಿರವಾಗುತ್ತದೆ. ಪರಮಾಣುವಿಗೆ ಮುಪ್ಪೇ ಇಲ್ಲ. ಸಾವಿರ ವರ್ಷ ಸುಮ್ಮನೆ ಕೂತದ್ದಕ್ಕೂ ಈಗ ತಾನೇ ಹುಟ್ಟಿದ್ದಕ್ಕೂ ಮುಂದಿನ ಕ್ಷಣ ಒಡೆಯುವ ಸಂಭವ ಒಂದೇ. ಒಲೆಯ ಉರಿ ಜಾಸ್ತಿ ಮಾಡಿದರೂ ಅದಕ್ಕೆ ಲೆಕ್ಕವಿಲ್ಲ. ರುದರ್‌ಫೋರ್ಡ್ ಮತ್ತು ಫ್ರೆಡರಿಕ್ ಸಾಡಿ 1902ರ ಹೊತ್ತಿಗೆ ಇನ್ನೂ ದೊಡ್ಡ ಮಾತು ಹೇಳಿದರು: ಕಿರಣ ಸೂಸುವಾಗ ಒಂದು ಧಾತು ಇನ್ನೊಂದಾಗಿ ಬದಲಾಗುತ್ತದೆ.

ಯಾವುದಕ್ಕೂ ಜಗ್ಗದ ಈ ಲಯ ಗಡಿಯಾರಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಭೂಮಿಗೆ ಎರಡರಿಂದ ನಾಲ್ಕು ಕೋಟಿ ವರ್ಷ ಎಂದು ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ ಅದು ತಣಿದ ಲೆಕ್ಕದಿಂದ ಹೇಳಿದ್ದರು. ಯುರೇನಿಯಂ ಒಡೆಯುತ್ತಾ ಹೋಗಿ ಕೊನೆಗೆ ಸೀಸವಾಗುತ್ತದೆ; ಎಷ್ಟು ಸೀಸವಾಗಿದೆ ಎಂದು ನೋಡಿದರೆ ಎಷ್ಟು ಕಾಲವಾಯಿತು ಎಂದು ತಿಳಿಯುತ್ತದೆ. ಅಮೆರಿಕದ ಬೋಲ್ಟ್‌ವುಡ್ 1907ರಲ್ಲಿ ಖನಿಜಗಳೊಳಗಿನ ಯುರೇನಿಯಂ ಮತ್ತು ಸೀಸವನ್ನು ತೂಗಿ ನೋಡಿದರು. ಸಿಕ್ಕ ವಯಸ್ಸು 41 ಕೋಟಿಯಿಂದ 220 ಕೋಟಿ ವರ್ಷ. ಅಂಕಿಗಳನ್ನು ಆಮೇಲೆ ತಿದ್ದಬೇಕಾಯಿತು, ದಾರಿ ಮಾತ್ರ ಸರಿಯಿತ್ತು. 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳ ಸೀಸ ಅಳೆದು ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದರು.

ಯುರೇನಿಯಂನ ಮುಖ್ಯ ಬಗೆಯಾದ ಯುರೇನಿಯಂ-238ರ ಅರ್ಧಾಯು 447 ಕೋಟಿ ವರ್ಷ. ಅಂದರೆ ಭೂಮಿ ಹುಟ್ಟಿದಾಗ ಇದ್ದುದರಲ್ಲಿ ಹೆಚ್ಚುಕಡಿಮೆ ಅರ್ಧ ಇನ್ನೂ ಇದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ ಎನ್ನುತ್ತಾರೆ. ಆ ಲೆಕ್ಕದಲ್ಲಿ, ಸಂಜೆ ಜನ ಗಾಳಿಗೆ ಕೂರುವ ಆ ಕಲ್ಲು ಹುಟ್ಟಿದಾಗ ಇದ್ದ ಯುರೇನಿಯಂ-238ರಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಜಾಸ್ತಿ ಇಷ್ಟರಲ್ಲಿ ಸೀಸವಾಗಿದೆ.