ಬಿಸಿ ರೊಟ್ಟಿ, ಖಡಕ್ ರೊಟ್ಟಿ: ಹಿಟ್ಟು ಒಂದೇ, ರುಚಿ ಯಾಕೆ ಬೇರೆ?

ಪ್ರಶ್ನೆ: "ಅದೇ ಜೋಳ, ಅದೇ ಹಂಚು, ಬಡಿಯೋ ಕೈನೂ ಅದೇ. ಆದ್ರ ಬಿಸಿ ರೊಟ್ಟಿ ರುಚಿನೇ ಬ್ಯಾರೆ, ಖಡಕ್ ರೊಟ್ಟಿ ರುಚಿನೇ ಬ್ಯಾರೆ. ಯಾಕ್ರಿ?"

ಕಲಬುರಗಿ ಕಡೆ ಊಟಕ್ಕೆ ಕೂತವರು ಒಂದಲ್ಲ ಒಂದು ಸಲ ಇದನ್ನು ಕೇಳೇ ಕೇಳುತ್ತಾರೆ. ಉತ್ತರ ನಾಲಿಗೆಯಲ್ಲಿ ಕಮ್ಮಿ. ಹಲ್ಲು, ಕಿವಿ, ಜೊಲ್ಲಿನಲ್ಲಿ ಜಾಸ್ತಿ ಇದೆ.

ಮೊದಲು ಹಿಟ್ಟಿನ ವಿಷಯ. ಗೋಧಿ ಹಿಟ್ಟಿಗೆ ನೀರು ಬಿದ್ದರೆ ಗ್ಲುಟೆನ್ ಎಂಬ ಜಿಗುಟು ಹುಟ್ಟುತ್ತದೆ, ಎಳೆದರೆ ಹಿಗ್ಗುತ್ತದೆ. ಜೋಳದಲ್ಲಿ ಅದಿಲ್ಲ. ಅದಕ್ಕೇ ನಮ್ಮವರು ಎಸರು ಕಾಯಿಸಿ ಹಾಕುವುದು. ಕುದಿನೀರು ತಾಗಿದ ಪಿಷ್ಟ ಅರೆಬೆಂದು ಅಂಟಾಗುತ್ತದೆ, ಆ ಅಂಟೇ ರೊಟ್ಟಿಯನ್ನು ಹಿಡಿದಿಡುತ್ತದೆ. ತಣ್ಣೀರಲ್ಲಿ ನಾದಿ ಬಡಿದು ನೋಡಿ, ಅಂಚೆಲ್ಲ ಬಿರಿಯುತ್ತದೆ. ಹಂಚಿನ ಮೇಲೆ ಒಳಗಿನ ನೀರು ಆವಿಯಾಗಿ ರೊಟ್ಟಿ ಉಬ್ಬುತ್ತದೆ. ತಟ್ಟೆಗೆ ಬಂದಾಗಲೂ ಒಳಗೆ ತೇವ ಇರುತ್ತದೆ. ಹಾಗಾಗಿ ಮೆತ್ತಗೆ ಮಡಚುತ್ತದೆ, ಎಣ್ಣೆಗಾಯಿ ಸುತ್ತಿಕೊಂಡು ಬಾಯಿಗೆ ಬರುತ್ತದೆ. ಬಿಸಿ ಇರುವುದರಿಂದ ಜೋಳದ ಘಮ ಬಾಯಿಗಿಂತ ಮೊದಲು ಮೂಗಿಗೆ ತಲುಪಿರುತ್ತದೆ.

ಅದೇ ಹಿಟ್ಟನ್ನು ಇನ್ನೂ ತೆಳ್ಳಗೆ ಬಡಿದು, ಸಣ್ಣ ಉರಿಯಲ್ಲಿ ತೇವವನ್ನೆಲ್ಲ ಓಡಿಸಿದರೆ ಖಡಕ್ ರೊಟ್ಟಿ. ನೀರು ಹೋದ ಪಿಷ್ಟ ಗಾಜಿನ ಥರ. ಬಾಗುವುದಿಲ್ಲ, ಮುರಿಯುತ್ತದೆ. ಮುರಿದರೆ ಸದ್ದು. ಆ ಸದ್ದು ಸುಮ್ನೆ ಬರುವುದಲ್ಲ, ಅದೂ ರುಚಿಯೇ. ಆಕ್ಸ್‌ಫರ್ಡ್‌ನಲ್ಲಿ ಜಂಪಿನಿ ಮತ್ತು ಸ್ಪೆನ್ಸ್ ಎಂಬ ಇಬ್ಬರು ಸಂಶೋಧಕರು ಜನರಿಗೆ ಹೆಡ್‌ಫೋನ್ ಹಾಕಿ ಆಲೂಗಡ್ಡೆ ಚಿಪ್ಸ್ ಕಚ್ಚಿಸಿದರು. ಕಚ್ಚುವ ಸದ್ದನ್ನು ಜೋರು ಮಾಡಿ ಕೇಳಿಸಿದಾಗ ಚಿಪ್ಸ್ ಇನ್ನೂ ಗರಿಗರಿ, ಇನ್ನೂ ತಾಜಾ ಅನಿಸಿತು. 2004ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 2008ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನವೂ ಬಂತು. ಅಜ್ಜನಿಗೆ ಕಿವಿ ಮಂದವಾದ ಮೇಲೆ ಹಪ್ಪಳ ಯಾಕೆ ಸಪ್ಪೆ ಅನಿಸಬಹುದು, ಗೊತ್ತಾಯ್ತಲ್ವಾ?

ಇನ್ನು ಜೊಲ್ಲು. ಉಪ್ಪಾಗಲಿ ಖಾರವಾಗಲಿ ತೇವದಲ್ಲಿ ಬೆರೆತ ಮೇಲೇ ಬಾಯಿಗೆ ಹತ್ತುವುದು. ಖಡಕ್ ರೊಟ್ಟಿ ಬಾಯಿಯ ತೇವವನ್ನೇ ಹೀರುತ್ತದೆ. ಹಾಗಾಗಿ ಜಾಸ್ತಿ ಅಗಿಯಬೇಕು. ಅಗಿಯುತ್ತಾ ಹೋದಂತೆ ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ, ಕೊನೆಗೊಂದು ಸಣ್ಣ ಸಿಹಿ ಸಿಗುತ್ತದೆ. ಬಿಸಿ ರೊಟ್ಟಿಯನ್ನು ಅಷ್ಟು ಹೊತ್ತು ಬಾಯಲ್ಲಿ ಇಟ್ಟುಕೊಳ್ಳುವವರು ಯಾರು? ನಾಲ್ಕು ರೊಟ್ಟಿ ಹೋದದ್ದೇ ತಿಳಿಯುವುದಿಲ್ಲ.

ಖಡಕ್ ರೊಟ್ಟಿಗೆ ಬರೀ ಒಣ ಶೇಂಗಾ ಹಿಂಡಿ ಹಚ್ಚಿದರೆ ಗಂಟಲು ಹಿಡಿಯುತ್ತದೆ. ಪಕ್ಕದಲ್ಲಿ ಮೊಸರು ಇರುವುದು ಇದಕ್ಕೇ. ನನ್ನ ಕೇಳಿದರೆ, ತುಂಡನ್ನು ಮೊಸರಲ್ಲಿ ಅದ್ದಿ ನೆನೆಯುವ ಮೊದಲೇ ಬಾಯಿಗೆ ಹಾಕಬೇಕು. ಮೇಲೆ ಮೆತ್ತಗೆ, ನಡುವೆ ಕಟುಂ. ಅರ್ಧ ನಿಮಿಷ ತಡವಾದರೆ ಆ ಮಜಾ ಹೋಯಿತು. ಬ್ಯಾಳಿಯಲ್ಲಿ ಪೂರ್ತಿ ನೆನೆಸಿ ಉಣ್ಣುವವರು ನಮ್ಮ ಮನೆಯಲ್ಲೇ ಇದ್ದಾರೆ. ಚೆನ್ನಾಗಿರುತ್ತದೆ ನಿಜ, ಆದರೆ ಅದನ್ನು ಖಡಕ್ ರೊಟ್ಟಿ ತಿಂದ ಲೆಕ್ಕಕ್ಕೆ ನಾನು ಹಾಕುವುದಿಲ್ಲ.

ಮೂರನೆಯದೂ ಒಂದಿದೆ: ಮುಂಜಾನೆ ಮಾಡಿ ರಾತ್ರಿವರೆಗೆ ಉಳಿದ ಬಿಸಿ ರೊಟ್ಟಿ. ಅದು ಗಟ್ಟಿಯಾಗುತ್ತದೆ, ಖಡಕ್ ಆಗುವುದಿಲ್ಲ. ಆರುವಾಗ ಬೆಂದ ಪಿಷ್ಟದ ಎಳೆಗಳು ಮತ್ತೆ ಒತ್ತಾಗಿ ಕೂಡಿಕೊಳ್ಳುತ್ತವೆ. ನೀರು ಒಳಗೇ ಇದ್ದರೂ ರೊಟ್ಟಿ ತೊಗಲಿನ ಹಾಗೆ ಬಿರುಸಾಗುತ್ತದೆ. ಫ್ರಿಜ್‌ನಲ್ಲಿಟ್ಟರೆ ಇನ್ನೂ ಬೇಗ. ಸ್ವಲ್ಪ ನೀರು ಚಿಮುಕಿಸಿ ಹಂಚಿಗೆ ಹಾಕಿ, ಬಿಸಿಗೆ ಆ ಎಳೆಗಳು ಮತ್ತೆ ಸಡಿಲಾಗುತ್ತವೆ. ತಟ್ಟೆಗೆ ಬಂದ ಕೂಡಲೇ ತಿನ್ನಿ, ಆರಿದರೆ ಮತ್ತೆ ಅದೇ ಕಥೆ.

ಶ್ರಾವಣದ ಮಳೆಯಲ್ಲಿ ಡಬ್ಬಿ ಮುಚ್ಚದೆ ಬಿಟ್ಟು ಮೆತ್ತಗಾದ ಖಡಕ್ ರೊಟ್ಟಿಗೆ ಮಾತ್ರ ನೀರು ಮುಟ್ಟಿಸಬೇಡಿ. ಅದು ಗಾಳಿಯ ತೇವ ಹೀರಿದೆ ಅಷ್ಟೇ. ಸಣ್ಣ ಉರಿಯಲ್ಲಿ ಎರಡು ನಿಮಿಷ ಇಟ್ಟು ತೆಗೆಯಿರಿ. ಹಂಚಿನಿಂದ ಇಳಿಸಿದಾಗ ಇನ್ನೂ ಬಾಗುತ್ತಿದ್ದರೆ ಗಾಬರಿ ಬೇಡ, ಆರಿದ ಮೇಲೆ ಸದ್ದು ಬರುತ್ತದೆ.