‘ಘರೇ ಬಾಯಿರೆ’ಯ ನಿಖಿಲೇಶ್ ಬ್ರಿಟಿಷರ ಪರವಾ?

ಪ್ರಶ್ನೆ: ಸತ್ಯಜಿತ್ ರೇ ಅವರ ‘ಘರೇ ಬಾಯಿರೆ’ ನೋಡಿದೆ. ಬಂಗಾಳದ ಜನ ವಿದೇಶಿ ಬಟ್ಟೆಗೆ ಬೆಂಕಿ ಹಚ್ಚುತ್ತಿದ್ದರೆ, ಜಮೀನ್ದಾರ ನಿಖಿಲೇಶ್ ತನ್ನ ಸಂತೆಯಲ್ಲಿ ಅದನ್ನು ಮಾರಲು ಬಿಡುತ್ತಾನೆ. ಇವನು ಬ್ರಿಟಿಷರ ಪರ ಅಲ್ವಾ?

ಉತ್ತರ: ಅಲ್ಲ. ಆದರೆ ಹಾಗನ್ನಿಸುವುದು ಸಹಜ. ‘ವಂದೇ ಮಾತರಂ’ ಎಂದು ಜನರನ್ನು ಕುಣಿಸುವವನು ಅವನ ಗೆಳೆಯ ಸಂದೀಪ್. ನಿಖಿಲೇಶ್ ಮೆತ್ತಗೆ ಮಾತಾಡುವ ಆಸಾಮಿ. ಟಾಗೋರರ ಮೂಲ ಕಾದಂಬರಿ ತೆಗೆದರೆ ಅನುಮಾನ ಬೇಗ ಕಳೆಯುತ್ತದೆ. ಸ್ವದೇಶಿ ಚಳವಳಿಯ ಗದ್ದಲ ಶುರುವಾಗುವ ಮೊದಲೇ ನಿಖಿಲೇಶ್ ದೇಶಿ ಚಾಕುವಿನಲ್ಲಿ ದೇಶಿ ಪೆನ್ಸಿಲ್ ಕೆತ್ತಿಕೊಳ್ಳುತ್ತಿದ್ದ. ನೀರು ಕುಡಿಯುವುದು ಕಂಚಿನ ಪಾತ್ರೆಯಲ್ಲಿ, ರಾತ್ರಿ ಕೆಲಸ ಹರಳೆಣ್ಣೆ ದೀಪದಲ್ಲಿ. ದೇಶಿ ಉದ್ಯಮ ಬೆಳೆಸಲು ಹೋಗಿ ಕೈ ಸುಟ್ಟುಕೊಂಡದ್ದೂ ಉಂಟು. ಅಂದರೆ ಸ್ವದೇಶಿ ಅವನಿಗೆ ಬೇಡವಾಗಿರಲಿಲ್ಲ. ಬಲವಂತ ಬೇಡವಾಗಿತ್ತು.

ಹಿನ್ನೆಲೆ ಇಷ್ಟು: 1905ರ ಅಕ್ಟೋಬರ್ 16ರಂದು ವೈಸರಾಯ್ ಲಾರ್ಡ್ ಕರ್ಜನ್ ಬಂಗಾಳವನ್ನು ಎರಡು ಹೋಳು ಮಾಡಿದ. ಪೂರ್ವದಲ್ಲಿ ಮುಸ್ಲಿಮರು ಜಾಸ್ತಿ, ಪಶ್ಚಿಮದಲ್ಲಿ ಹಿಂದೂಗಳು. ಅದಕ್ಕೆ ಉತ್ತರವಾಗಿ ಬಂದದ್ದು ವಿದೇಶಿ ವಸ್ತುಗಳ ಬಹಿಷ್ಕಾರ. ಶುರುವಿನಲ್ಲಿ ಟಾಗೋರರೂ ಅದರಲ್ಲಿದ್ದರು. ವಿಭಜನೆಯ ದಿನವೇ ಹಿಂದೂ ಮುಸ್ಲಿಮರು ಒಬ್ಬರಿಗೊಬ್ಬರು ರಾಖಿ ಕಟ್ಟಬೇಕೆಂದು ಬೀದಿಗಿಳಿದವರು ಅವರು. ಆಮೇಲೆ ದೂರ ಸರಿದರು.

ಯಾಕೆ ಎಂಬುದಕ್ಕೆ ನಿಖಿಲೇಶನ ಸಂತೆಯನ್ನೇ ನೋಡಿ. ಮ್ಯಾಂಚೆಸ್ಟರ್ ಬಟ್ಟೆ ಅಗ್ಗ, ದೇಶಿ ಬಟ್ಟೆ ದುಬಾರಿ. ಹಿಂದಿನ ಸಂತೆಯಲ್ಲಿ ತಂದ ಮಾಲು ಮಾರಿ ಈ ಸಂತೆಯಲ್ಲಿ ಹೊಟ್ಟೆ ತುಂಬಿಸಿಕೊಳ್ಳುವ ಬಡ ವ್ಯಾಪಾರಿ, ಮುಖ್ಯವಾಗಿ ಮುಸ್ಲಿಂ ವ್ಯಾಪಾರಿ, ಆ ಗಂಟನ್ನು ಬೆಂಕಿಗೆ ಹಾಕಿ ಮನೆಗೆ ಹೋಗಿ ಏನು ಮಾಡಬೇಕು? ಕಾದಂಬರಿಯಲ್ಲಿ ಪಂಚು ಎಂಬ ಒಕ್ಕಲಿನವನ ಕಥೆ ಇದೇ. ಬಟ್ಟೆ ಸುಟ್ಟ ಬೇರೊಬ್ಬ ಜಮೀನ್ದಾರನಿಗೆ ಜೈಕಾರ, ಸಾಲ ಪಂಚುವಿನ ತಲೆಗೆ. ಉಳ್ಳವರು ತಮ್ಮ ಕಪಾಟಿನ ಸೀರೆ ಸುಡಲಿ, ಬೇಡ ಎನ್ನುವವರು ಯಾರು?

ಪ್ರೇಮಕಥೆ ಬರುವುದೂ ಇಲ್ಲಿಗೇ. ವಿಕ್ಟರ್ ಬ್ಯಾನರ್ಜಿಯ ನಿಖಿಲೇಶ್ ಹೆಂಡತಿ ಬಿಮಲಾಳನ್ನು ಅಂತಃಪುರದಿಂದ ಹೊರಗೆ ಕರೆತರುತ್ತಾನೆ. ಬಣ್ಣದ ಗಾಜಿನ ಕಿಟಕಿಗಳಿರುವ ಉದ್ದನೆಯ ಹಜಾರದಲ್ಲಿ ಇಬ್ಬರೂ ಜೊತೆಯಾಗಿ ನಡೆದು ಬರುವ ದೃಶ್ಯ ನೆನಪಿದೆಯಲ್ಲ? ರೇ ಅದನ್ನು ನಿಧಾನಗತಿಯಲ್ಲಿ ತೋರಿಸುತ್ತಾರೆ. ಅವಳು ಮೊದಲು ಭೇಟಿಯಾಗುವ ಪರಪುರುಷ ಗಂಡನ ಗೆಳೆಯ ಸಂದೀಪ್: ಸೌಮಿತ್ರ ಚಟರ್ಜಿ, ಹಾಡಿಗೆ ಕಿಶೋರ್ ಕುಮಾರ್ ದನಿ. ಸೋಲದೆ ಇರುವುದು ಕಷ್ಟವೇ ಬಿಡಿ! ಹೆಂಡತಿ ಜಾರುತ್ತಿರುವುದು ಕಂಡರೂ ನಿಖಿಲೇಶ್ ಬಾಗಿಲು ಹಾಕುವುದಿಲ್ಲ. ಹೊರಗಿನ ಪ್ರಪಂಚ ನೋಡಿದ ಮೇಲೂ ತಾನೇ ಬೇಕೆಂದರೆ ಮಾತ್ರ ಅದು ಪ್ರೀತಿ ಎಂಬ ಹಟ ಅವನದು. ಸಂತೆಯ ವ್ಯಾಪಾರಿಗೂ ಬಿಮಲಾಳಿಗೂ ಅವನ ನಿಯಮ ಒಂದೇ. ಸಂದೀಪನದೂ ಒಂದೇ ನಿಯಮ: ಬೇಕಾದದ್ದನ್ನು ಕಿತ್ತುಕೊಳ್ಳುವುದು. ದೇಶದ ಹೆಸರು ಹೇಳಿಯೇ ಅವಳ ಕೈಯಿಂದ ಗಂಡನ ತಿಜೋರಿಯ ಹಣ ತೆಗೆಸುತ್ತಾನೆ.

ಹಾಗಂತ ನಿಖಿಲೇಶ್ ತಪ್ಪೇ ಮಾಡದವನಲ್ಲ. ಸಂದೀಪನನ್ನು ಮನೆಯಲ್ಲಿಟ್ಟುಕೊಂಡು ಸಾಕಿದವನು ಅವನೇ. ತನ್ನ ಪ್ರಯೋಗಕ್ಕೆ ಹೆಂಡತಿ ಒಪ್ಪಿದಳೇ ಎಂದು ಸರಿಯಾಗಿ ಕೇಳಿದವನೂ ಅಲ್ಲ. ಕೊನೆಗೆ ಗಲಭೆ ಎದ್ದಾಗ ಬೆಲೆ ತೆರುವವಳು ಅವಳು. ಕಾದಂಬರಿಯಲ್ಲಿ ನಿಖಿಲೇಶ್ ತಲೆಗೆ ಪೆಟ್ಟು ಬಿದ್ದು ಬರುತ್ತಾನೆ, ಬದುಕಿದನೋ ಇಲ್ಲವೋ ಟಾಗೋರರು ಹೇಳುವುದಿಲ್ಲ. 1984ರ ಸಿನಿಮಾದಲ್ಲಿ ರೇ ಆ ಅನುಮಾನ ಉಳಿಸಿಲ್ಲ, ಅವನು ಸಾಯುತ್ತಾನೆ.

ನಿಮ್ಮ ಪ್ರಶ್ನೆ ಹಳೆಯದು ಕೂಡ. 1922ರಲ್ಲಿ ಹಂಗೇರಿಯ ಚಿಂತಕ ಗೇಆರ್ಗ್ ಲುಕಾಚ್ ಈ ಕಾದಂಬರಿಯನ್ನು ಹಿಗ್ಗಾಮುಗ್ಗಾ ಬೈದು, ಸಂದೀಪ್ ಅಂದರೆ ಗಾಂಧಿಯ ವ್ಯಂಗ್ಯಚಿತ್ರ ಎಂದಿದ್ದ. ಆದರೆ ಟಾಗೋರರು ಇದನ್ನು ಬರೆದದ್ದು 1915-16ರಲ್ಲಿ. ಗಾಂಧಿ ಆಗಷ್ಟೇ ದಕ್ಷಿಣ ಆಫ್ರಿಕಾದಿಂದ ವಾಪಸಾಗಿದ್ದರು. ಅವರ ಅಸಹಕಾರ ಚಳವಳಿ ಇನ್ನೂ ಹುಟ್ಟಿರಲೇ ಇಲ್ಲ. ಬಟ್ಟೆ ಸುಡುವ ವಿಷಯದಲ್ಲಿ ಟಾಗೋರ್ ಮತ್ತು ಗಾಂಧಿ ನಿಜವಾಗಿ ಜಗಳಕ್ಕೆ ಕೂತದ್ದು 1921ರಲ್ಲಿ, ಪತ್ರಿಕೆಗಳ ಪುಟದಲ್ಲಿ.